ನೆಲ ತಿಳೀವಲ್ದು

‘ಅಕ್ಕಾರ, ಕಾಲಾಗ ಜೋಮು ಹಿಡದಂಗ ಆಗೈತ್ರಿ. ನಡದ್ರ ನೆಲಾನ ತಿಳೀವಲ್ದು.’

ನಮ್ಮ ಸೊಸೈಟಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸು ಹೀಗೆಂದದ್ದು 2025ರ ಫೆಬ್ರುವರಿ ಮೊದಲ ವಾರ. ಇಂಡಿ ತಾಲ್ಲೂಕಿನವಳು, ಗಂಡ ಗೌಂಡಿ. ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ಕಾಯಿಪಲ್ಲೆ ಕೊಳ್ಳಲು, ಪಗಾರದ ಲೆಕ್ಕ ಕೇಳಲು ಅವಳ ಮರಾಠಿ ಧಾರಾಳ ಸಾಕು. ಮೈಯೊಳಗಿನ ಸಂಗತಿ ಹೇಳಬೇಕಾದಾಗ ಮಾತ್ರ ಬಾಯಿಗೆ ಬರುವುದು ಇಂಡಿಯ ಕನ್ನಡವೇ.

ಹಿಂದಿನ ಸಂಜೆ ಗಲ್ಲಿಯ ದವಾಖಾನೆಗೆ ಹೋಗಿಬಂದಿದ್ದಳು. ಜತೆಗೆ ಏಳನೇ ಇಯತ್ತೆ ಓದುವ ಮಗ. ತಾಯಿ ಹೇಳಿದ್ದನ್ನು ಅವನು ಮರಾಠಿಗೆ ತಿರುಗಿಸಿದ: ‘ಆಯೀಲಾ ಅಶಕ್ತಪಣಾ ಆಲಾಯ್.’ ಅಮ್ಮನಿಗೆ ನಿಶ್ಶಕ್ತಿ. ಹೊರಗೆ ಇನ್ನೂ ಇಪ್ಪತ್ತು ಜನ ಕುಳಿತಿದ್ದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಚುಚ್ಚಿ, ಐದು ದಿನದ ಗುಳಿಗೆ ಬರೆದುಕೊಟ್ಟರು. ಚೀಟಿಯ ಮೇಲೆ ರೋಗದ ಜಾಗದಲ್ಲಿ ಒಂದೇ ಪದ: ವೀಕ್‌ನೆಸ್.

ಆ ಹುಡುಗನನ್ನು ದೂರುವಂತಿಲ್ಲ. ಕಾಲು ಜೋಮು ಹಿಡಿಯುವುದಕ್ಕೆ ಮರಾಠಿಯಲ್ಲಿ ಸೊಗಸಾದ ಮಾತಿದೆ, ‘ಮುಂಗ್ಯಾ ಯೇಣೆ’, ಇರುವೆ ಬರುವುದು. ಅದು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಕೈಗೆ ಸಿಕ್ಕ ದೊಡ್ಡ ಚೀಲವೊಂದನ್ನು ಎತ್ತಿಕೊಟ್ಟ. ನಿಶ್ಶಕ್ತಿ, ಸುಸ್ತು, ಅಶಕ್ತಪಣಾ, ಕಮಜೋರಿ, ಯಾವ ಭಾಷೆಯಲ್ಲಿ ನೋಡಿದರೂ ಈ ಚೀಲ ಒಂದೇ. ರಕ್ತಹೀನತೆ, ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡು, ಮಗಳ ಮದುವೆಯ ಚಿಂತೆ, ಎಲ್ಲವೂ ಅದರೊಳಗೆ ಹಿಡಿಸುತ್ತವೆ. ಆದರೆ ‘ನೆಲ ತಿಳೀವಲ್ದು’ ಎಂಬ ಮಾತು ಚೀಲವಲ್ಲ, ಅದಕ್ಕೆ ವಿಳಾಸವಿದೆ. ಅಂಗಾಲಿನಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರಗಳಲ್ಲಿ ಏನೋ ಕೆಟ್ಟಿದೆ ಎಂದು ವೈದ್ಯಕೀಯ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ, ಆ ಮಾತು ಅವನ ಕಿವಿಗೆ ಬಿದ್ದರೆ.

ನಾನು ಗಾಬರಿಯಾಗಲು ಬೇರೆ ಕಾರಣವೂ ಇತ್ತು. ಆ ವರ್ಷದ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆಯಿಂದ, ಅಂದರೆ ನಾಂದೇಡ್, ಕಿರಕಟವಾಡಿ, ಧಾಯರಿ, ಖಡಕವಾಸಲಾ ಸುತ್ತಿನಿಂದ, ಕಾಲು ಸ್ವಾಧೀನ ತಪ್ಪಿದವರು ಒಬ್ಬೊಬ್ಬರಾಗಿ ಆಸ್ಪತ್ರೆಗಳಿಗೆ ಬರತೊಡಗಿದ್ದರು. ಅನೇಕರಿಗೆ ವಾರ, ಹತ್ತು ದಿನದ ಹಿಂದೆ ಭೇದಿ ಆಗಿತ್ತು. ಅದು ನಿಂತ ಮೇಲೆ ಪಾದದಲ್ಲಿ ಜೋಮು, ಮೆಟ್ಟಿಲು ಹತ್ತಲು ಕಷ್ಟ, ಆಮೇಲೆ ಕೈ, ಕೆಲವರಿಗೆ ಉಸಿರು. ಕಾಯಿಲೆಯ ಹೆಸರು ಗೀಯಾನ್-ಬಾರೆ ಸಿಂಡ್ರೋಮ್, ಪತ್ರಿಕೆಗಳ ಜಿಬಿಎಸ್. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ವಿವರಿಸಿದ ಫ್ರೆಂಚ್ ವೈದ್ಯರ ಹೆಸರು ಅದಕ್ಕೆ ಅಂಟಿಕೊಂಡಿದೆ. ಸೋಂಕಿನ ವಿರುದ್ಧ ಎದ್ದ ದೇಹದ ಸೈನ್ಯ ತನ್ನದೇ ನರಗಳ ಮೇಲೆ ತಿರುಗಿ ಬೀಳುವುದು ಇದರ ಬಗೆ. ರಾಷ್ಟ್ರೀಯ ವೈರಾಣು ಸಂಸ್ಥೆ ಇರುವುದು ಪುಣೆಯಲ್ಲೇ. ಅಲ್ಲಿ ಪರೀಕ್ಷಿಸಿದ ಮಲದ ಮಾದರಿಗಳ ಪೈಕಿ ಕೆಲವುಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು, ಕೆಲವುಗಳಲ್ಲಿ ನೊರೊವೈರಸ್. ಸಂಶಯದ ಬೆರಳು ಕುಡಿಯುವ ನೀರಿನ ಕಡೆ ತಿರುಗಿತು. ಫೆಬ್ರುವರಿ ಮುಗಿಯುವ ಹೊತ್ತಿಗೆ ಶಂಕಿತ ಪ್ರಕರಣಗಳು 200 ದಾಟಿದ್ದವು. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು.

ಈ ಕೊನೆಯ ವಾಕ್ಯವೇ ಹೊರರೋಗಿ ವಿಭಾಗದ, ನಮ್ಮ ಬಾಯಿಮಾತಿನ ಓಪಿಡಿಯ, ಇಕ್ಕಟ್ಟು. ಗಲ್ಲಿಯ ಡಾಕ್ಟರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಂದು ಜಿಬಿಎಸ್ ಕಂಡರೆ ಹೆಚ್ಚು. ಅದೇ ಹೊತ್ತಿಗೆ ಕಾಲು ಜೋಮು ಎಂದು ಬರುವವರನ್ನು ದಿನಾ ಕಾಣುತ್ತಾರೆ. ಪುಣೆಯಲ್ಲಂತೂ ಇದಕ್ಕೆ ಲೆಕ್ಕವೇ ಇದೆ. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತವರ ತಂಡ ಪುಣೆ ನಗರ ಮತ್ತು ಸುತ್ತಲಿನ ಹಳ್ಳಿಗಳ 441 ಆರೋಗ್ಯವಂತ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 67 ಜನರಿಗೆ ಬಿ12 ವಿಟಮಿನ್ ಕಡಿಮೆಯಿತ್ತು. ಪೋಹೆ, ವರಣ-ಭಾತದ ಊರು. ಬಿ12 ಇರುವುದು ಮಾಂಸ, ಮೊಟ್ಟೆ, ಮೀನು, ಹಾಲಿನಲ್ಲಿ. ಅದರ ಕೊರತೆ ದೀರ್ಘವಾದರೆ ನರದ ಹೊದಿಕೆ ಕೆಡುತ್ತದೆ, ಪಾದಕ್ಕೆ ಇರುವೆ ಬರುತ್ತವೆ. ಸಕ್ಕರೆ ಕಾಯಿಲೆಯವರಿಗೂ ಬರುತ್ತವೆ. ಅವರು ನುಂಗುವ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ನಡೆದರೆ ಅದೂ ಬಿ12 ಇಳಿಸುತ್ತದೆ. ಆದ್ದರಿಂದ ಬಿ ಕಾಂಪ್ಲೆಕ್ಸ್ ಚುಚ್ಚಿದ ಡಾಕ್ಟರು ಕಣ್ಣುಮುಚ್ಚಿ ಗುಂಡು ಹೊಡೆದರು ಎನ್ನಲಾರೆ, ಅಂದಾಜಿಗೆ ಆಧಾರವಿತ್ತು. ತಪ್ಪಿದ್ದು ಎರಡು ಕಡೆ. ಬಿ12 ಬೆರೆತ ಇಂಜೆಕ್ಷನ್ ಕೊಟ್ಟ ಮೇಲೆ ರಕ್ತ ತೆಗೆದರೆ ಪ್ರಮಾಣ ಸರಿಯಾಗಿಯೇ ಕಾಣಬಹುದು, ಹಾಗಾಗಿ ರಕ್ತ ಮೊದಲು, ಸೂಜಿ ಆಮೇಲೆ. ಎರಡನೆಯದು, ಕೇಳದೆ ಉಳಿದ ಒಂದು ಪ್ರಶ್ನೆ.

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಾನೇ ಒಂದು ದೊಡ್ಡ ಆಸ್ಪತ್ರೆಯ ಓಪಿಡಿಗೆ ಹೋದೆ. ಕರ್ನಾಟಕದಲ್ಲಿ ನಾವು ಓಪಿಡಿ ಚೀಟಿ ಎನ್ನುವುದನ್ನು ಇಲ್ಲಿ ಕೇಸ್ ಪೇಪರ್ ಎನ್ನುತ್ತಾರೆ. ಕಿಟಕಿಯಲ್ಲಿ ಹಣ ಕೊಟ್ಟು ಕೇಸ್ ಪೇಪರ್ ಮಾಡಿಸಿ, ಅದರ ಹಿಂಬದಿಯಲ್ಲಿ ಅವಳ ಮಾತನ್ನು ಇದ್ದ ಹಾಗೆ ಬರೆದುಕೊಂಡೆ, ಮೇಲೆ ಕನ್ನಡ, ಕೆಳಗೆ ಮರಾಠಿ. ಸರತಿ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಮೂವತ್ತು ದಾಟದ ಡಾಕ್ಟರು ಚೀಟಿ ತಿರುವಿ ಓದಿ ತಲೆಯೆತ್ತಿ ಕೇಳಿದರು, ‘ಎಷ್ಟು ದಿನದಿಂದ?’

‘ದೀಪಾವಳಿಗಿಂತ ಮೊದ್ಲಿಂದ ಐತ್ರಿ. ಈಗೀಗ ಜಾಸ್ತಿ ಆಗೈತಿ.’

ನನಗೂ ಇದು ಹೊಸ ಸುದ್ದಿ. ನಾನೂ ಕೇಳಿರಲಿಲ್ಲ! ಜಿಬಿಎಸ್ ದಿನಗಳ ಲೆಕ್ಕದಲ್ಲಿ ಏರುತ್ತದೆ, ನಾಲ್ಕು ವಾರದೊಳಗೆ ತುದಿ ಮುಟ್ಟಿಬಿಡುತ್ತದೆ. ದೀಪಾವಳಿಯಿಂದ ಫೆಬ್ರುವರಿವರೆಗೆ ತೆವಳುವುದು ಅದರ ಜಾಯಮಾನವಲ್ಲ. ಡಾಕ್ಟರು ಡ್ರಾಯರಿನಿಂದ ರಬ್ಬರು ತಲೆಯ ಸುತ್ತಿಗೆ ತೆಗೆದು ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರು. ಕಾಲು ಚಿಮ್ಮಿತು. ಜಿಬಿಎಸ್‌ನಲ್ಲಿ ಸಾಮಾನ್ಯವಾಗಿ ಈ ಚಿಮ್ಮುವಿಕೆ ಹೊರಟುಹೋಗುತ್ತದೆ. ಕಂಪಿಸುವ ಶ್ರುತಿಕವೆಯನ್ನು ಹೆಬ್ಬೆರಳ ಮೇಲಿಟ್ಟು ‘ಝುಂ ಅನ್ನಿಸುತ್ತದೆಯೇ’ ಎಂದರು. ಇಲ್ಲ. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು, ಅವಳು ಓಲಾಡಿದಳು. ಆಗ ಅವಳೇ ನೆನೆಸಿಕೊಂಡು ಅಂದಳು, ‘ಮಾರಿ ತೊಳ್ಕೊಳ್ಳಾಕ ಕಣ್ಣ ಮುಚ್ಚಿದ್ರ ಜೋಲಿ ಹೋಗತೈತ್ರಿ ಅಕ್ಕಾರ, ಗ್ವಾಡಿ ಹಿಡ್ಕೋತೀನಿ.’ ನಾನು ಮರಾಠಿಗೆ ಮಾಡಿ ಹೇಳಿದಾಗ ಡಾಕ್ಟರು ಸಣ್ಣಗೆ ನಕ್ಕರು. ಕಾಲಿನ ನರ ಸುದ್ದಿ ಕೊಡದಾಗ ದೇಹ ನಿಲ್ಲುವುದು ಕಣ್ಣಿನ ಆಸರೆಯಿಂದ. ಕಣ್ಣು ಮುಚ್ಚಿದರೆ ಆ ಆಸರೆಯೂ ಹೋಯಿತು. ಪಠ್ಯಪುಸ್ತಕ ಒಂದು ಪುಟದಲ್ಲಿ ವಿವರಿಸುವುದನ್ನು ಅವಳು ಬಚ್ಚಲುಮನೆಯ ಗೋಡೆ ಹಿಡಿದು ಹೇಳಿದ್ದಳು.

ಒಟ್ಟು ಎಂಟು ನಿಮಿಷ. ನಾನು ಗಡಿಯಾರ ನೋಡಿಕೊಂಡೆ.

ಎಂಟು ನಿಮಿಷವೆಂದರೆ ನಮ್ಮ ದೇಶದ ಮಟ್ಟಿಗೆ ರಾಜಮರ್ಯಾದೆ. 67 ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆಂದು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2017ರಲ್ಲಿ ಒಂದು ಲೆಕ್ಕ ಬಂತು. ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22 ನಿಮಿಷ ಮೀರಿ. ಭಾರತ ಎರಡು ನಿಮಿಷದ ಆಸುಪಾಸು. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಸಂಶೋಧಕರು ತರಬೇತಿ ಕೊಟ್ಟ ಸ್ಥಳೀಯರನ್ನೇ ರೋಗಿಗಳ ವೇಷದಲ್ಲಿ ಕಳಿಸಿ ನೋಡಿದ್ದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಭೇಟಿಯ ಸರಾಸರಿ ಅವಧಿ 3.6 ನಿಮಿಷ, ಸರಿಯಾದ ರೋಗದ ಹೆಸರು ಹೇಳಿದ್ದು ನೂರಕ್ಕೆ ಹನ್ನೆರಡು ಭೇಟಿಗಳಲ್ಲಿ. ಸಮಯ, ಯಂತ್ರ, ವಿಮೆ ಎಲ್ಲವೂ ಇರುವ ಅಮೆರಿಕದಲ್ಲೇ ವಯಸ್ಕ ಹೊರರೋಗಿಗಳಲ್ಲಿ ವರ್ಷಕ್ಕೆ ಶೇಕಡಾ 5 ಜನರಿಗೆ ರೋಗನಿದಾನ ತಪ್ಪುತ್ತದೆ ಎಂದು 2014ರ ಒಂದು ಅಂದಾಜು. ಕನ್ನಡದಲ್ಲಿ ನಿದಾನ ಮತ್ತು ನಿಧಾನದ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ, ಅದನ್ನೂ ನಮ್ಮ ಕಡೆ ಮಾತಾಡುವಾಗ ನುಂಗಿಬಿಡುತ್ತೇವೆ. ಓಪಿಡಿಯಲ್ಲಿ ಈ ಎರಡನ್ನು ಒಟ್ಟಿಗೆ ಕೂರಿಸುವುದು ಸುಲಭವಲ್ಲ.

ಎಷ್ಟು ಕಷ್ಟವೆಂದು ತಿಳಿಯಲು ಪುಣೆಯದೇ ಇನ್ನೊಂದು ಅಧ್ಯಯನ ನೋಡಬೇಕು. ಇಲ್ಲಿನ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನ ಡಾ. ಸಂದೀಪ್ ಸಾಳ್ವಿ ತಂಡ 2011ರ ಫೆಬ್ರುವರಿ 1ರಂದು, ಒಂದೇ ದಿನ, ದೇಶದ 880 ಊರು-ನಗರಗಳ ವೈದ್ಯರಿಂದ ಅಂದು ಬಂದ ರೋಗಿಗಳ ವಿವರ ಬರೆಸಿಕೊಂಡಿತು. 2,04,912 ರೋಗಿಗಳು. ಅವರು ಹೇಳಿದ ತೊಂದರೆಗಳು, ಇದ್ದ ಕಾಯಿಲೆಗಳು ಸೇರಿ ಐದೂವರೆ ಲಕ್ಷ ಮೀರಿದವು, ಅಂದರೆ ತಲೆಗೆ ಎರಡೂಮುಕ್ಕಾಲರ ಹತ್ತಿರ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಂದದ್ದು ಜ್ವರಕ್ಕೆ. ಎರಡು ನಿಮಿಷ, ಎರಡೂಮುಕ್ಕಾಲು ಸಂಕಟ. ಸಂತೆಯ ಗದ್ದಲದಲ್ಲಿ ಸೂಜಿ ಬಿದ್ದ ಸದ್ದು ಕೇಳಬೇಕಾದ ಕೆಲಸ.

ಅದರಲ್ಲೂ ಜ್ವರ ಮಹಾ ಬಹುರೂಪಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಂಚಿನಲ್ಲಿ 1957ರಲ್ಲಿ ಮಂಗಗಳೂ ಮನುಷ್ಯರೂ ಸತ್ತಾಗ ಮೊದಲು ಅದು ಟೈಫಾಯ್ಡ್ ಇರಬೇಕೆಂದೇ ಎಣಿಸಿದ್ದರು. ಹೊಸ ವೈರಾಣುವೆಂದು ತೋರಿಸಿಕೊಟ್ಟದ್ದು ಪುಣೆಯ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. 2021ರ ಜುಲೈಯಲ್ಲಿ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಬೆಲ್ಸರ್ ಗ್ರಾಮದಲ್ಲಿ ಮನೆಮನೆಗೆ ಜ್ವರ ಬಂದಾಗ ಕಳಿಸಿದ ಮೊದಲ ಮಾದರಿಗಳಲ್ಲಿ ಸಿಕ್ಕಿದ್ದು ಚಿಕುನ್‌ಗುನ್ಯಾ. ಅಷ್ಟಕ್ಕೇ ಕಡತ ಮುಚ್ಚಬಹುದಿತ್ತು. ಸಂಸ್ಥೆಯವರು ಮತ್ತೆ ಬಂದು ಇನ್ನಷ್ಟು ರಕ್ತ ತೆಗೆದರು, ಮಹಾರಾಷ್ಟ್ರದ ಮೊದಲ ಜೀಕಾ ಪ್ರಕರಣ ಹೊರಬಿತ್ತು. ಒಂದು ಉತ್ತರ ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದು ಮನುಷ್ಯನ ಸ್ವಭಾವ, ವೈದ್ಯರದು ಮಾತ್ರವಲ್ಲ. ಚಷ್ಮಾ ಒಂದು ಸಿಕ್ಕ ಮೇಲೆ ಅದು ಯಾರ ಚಷ್ಮಾ ಎಂದು ಯಾರು ನೋಡುತ್ತಾರೆ?

ಕೆಲವೊಮ್ಮೆ ದಾರಿ ತಪ್ಪಿಸುವುದು ನಿಯಮವೇ. 2009ರಲ್ಲಿ ಹಂದಿಜ್ವರ ಭಾರತಕ್ಕೆ ಕಾಲಿಟ್ಟಾಗ ಗಂಟಲ ದ್ರವ ಪರೀಕ್ಷೆಗೆ ಕಳಿಸುವ ಮುನ್ನ ಕೇಳುತ್ತಿದ್ದ ಮುಖ್ಯ ಪ್ರಶ್ನೆ, ವಿದೇಶಕ್ಕೆ ಹೋಗಿದ್ದಿರಾ, ಸೋಂಕಿತರ ಜತೆಗಿದ್ದಿರಾ ಎಂಬುದು. ಆಗಸ್ಟ್ 3ರಂದು ಪುಣೆಯ ಹದಿನಾಲ್ಕರ ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು, ದೇಶದ ಮೊದಲ ಹಂದಿಜ್ವರದ ಸಾವು ಅದು. ಮರುದಿನದಿಂದ ನಾಯ್ಡು ಆಸ್ಪತ್ರೆಯ ಮುಂದೆ ಸಾಲು, ಊರೆಲ್ಲ ಮಾಸ್ಕು. ನೆಗಡಿಯಾದವರೂ ಹಂದಿಜ್ವರದವರೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ. 2025ರ ಫೆಬ್ರುವರಿಯಲ್ಲಿ ನನ್ನ ಕಣ್ಣಿಗೂ ಅದೇ ಕಾಮಾಲೆ ಹತ್ತಿತ್ತು, ಅವಳ ಜೋಮು ಕೇಳಿದೊಡನೆ ಜಿಬಿಎಸ್ ಎಂದು ನಿರ್ಧರಿಸಿಬಿಟ್ಟಿದ್ದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೊದಲ ಭೇಟಿಯಲ್ಲೇ ರೋಗ ಹಿಡಿಯಬೇಕೆಂದು ನಾವೂ ಬಯಸುತ್ತೇವೆ, ವೈದ್ಯರೂ ಹಾಗೆ ತೋರಿಸಿಕೊಳ್ಳುತ್ತಾರೆ. ಹಲವು ಕಾಯಿಲೆಗಳಲ್ಲಿ ಅದು ಆಗದ ಮಾತು. ಜಿಬಿಎಸ್ ಶುರುವಾದ ಮೊದಲ ದಿನಗಳಲ್ಲಿ ಬೆನ್ನುಹುರಿಯ ನೀರೂ ನರದ ಪರೀಕ್ಷೆಯೂ ಸರಿಯಾಗಿಯೇ ಕಾಣಬಹುದು. ಡೆಂಗಿಯಲ್ಲಿ ಮೊದಲ ದಿನಗಳಿಗೆ ಎನ್‌ಎಸ್1 ಎಂಬ ಪರೀಕ್ಷೆ, ಐದಾರು ದಿನ ಕಳೆದ ಮೇಲೆ ಐಜಿಎಂ. ತಪ್ಪು ದಿನ ತಪ್ಪು ಪರೀಕ್ಷೆ ಮಾಡಿಸಿದರೆ ‘ನೆಗೆಟಿವ್’ ಎಂಬ ಕಾಗದ ಕೈಗೆ ಬರುತ್ತದೆ. ಇನ್ನೊಂದು ಮೋಸ ಅದಕ್ಕಿಂತ ಕೆಟ್ಟದ್ದು: ಡೆಂಗಿಯ ಅಪಾಯದ ಘಟ್ಟ ಶುರುವಾಗುವುದು ಬಹಳ ಸಲ ಜ್ವರ ಇಳಿಯುವಾಗಲೇ. ಮನೆಯವರು ದೇವರಿಗೆ ದೀಪ ಹಚ್ಚಿ ‘ಜ್ವರ ಬಿಟ್ಟಿತು’ ಎನ್ನುವ ಹೊತ್ತಿಗೆ ರಕ್ತನಾಳಗಳು ಸೋರತೊಡಗಿರುತ್ತವೆ. ಮೊದಲ ದಿನ ನೋಡಿದ ವೈದ್ಯರು ಎಷ್ಟೇ ಜಾಣರಿರಲಿ, ನಾಲ್ಕನೇ ದಿನದ ಹೊಟ್ಟೆನೋವು ಅವರಿಗೆ ಕಾಣುವುದಿಲ್ಲ.

ಹಾಗಾಗಿ ಓಪಿಡಿಯಲ್ಲಿ ರೋಗಿಯನ್ನು ಕಾಯುವುದು, ನನ್ನ ಲೆಕ್ಕದಲ್ಲಿ, ಹೊರಡುವಾಗ ಹೇಳುವ ಮಾತು. ‘ಕಡಿಮೆಯಾಗದಿದ್ದರೆ ಬನ್ನಿ’ ಎಂದು ಎಲ್ಲರೂ ಹೇಳುತ್ತಾರೆ, ಅದು ‘ಊಟಕ್ಕೆ ಬನ್ನಿ’ ಎಂಬ ಪುಣೇರಿ ಆಮಂತ್ರಣದ ಹಾಗೆ. (ಪುಣೇಕರರು ಕ್ಷಮಿಸಲಿ. ಈಗ ನಾನೂ ಅವರೊಳಗೆ ಒಬ್ಬಳು.) ಆ ಯುವ ವೈದ್ಯರು ಹೇಳಿದ್ದು ಬೇರೆ ಬಗೆ. ‘ಮಂಗಳವಾರ ರಕ್ತದ ರಿಪೋರ್ಟ್ ಬರುತ್ತದೆ, ಅಂದು ಬನ್ನಿ. ಅದಕ್ಕೂ ಮೊದಲು ಮೆಟ್ಟಿಲು ಹತ್ತಲಾಗದಿದ್ದರೆ, ನೀರು ನುಂಗುವಾಗ ನೆತ್ತಿಗೇರಿದರೆ, ಮಲಗಿದಾಗ ಉಸಿರು ಸಾಲದಿದ್ದರೆ, ಅಂದೇ ರಾತ್ರಿ ಕ್ಯಾಶುವಾಲ್ಟಿಗೆ ಬನ್ನಿ, ಬೆಳಗಿನ ತನಕ ಕಾಯಬೇಡಿ.’ ತಮಗೆ ಬಿ12 ಕೊರತೆಯ ಅನುಮಾನವಿದೆಯೆಂದೂ, ಆ ಅನುಮಾನ ತಪ್ಪಿರಬಹುದೆಂದೂ ಬಾಯಿಬಿಟ್ಟು ಹೇಳಿದರು. ಜಿಬಿಎಸ್ ಶುರುವಾದ ಎರಡು ವಾರದೊಳಗೆ ಚಿಕಿತ್ಸೆ ಸಿಕ್ಕರೆ ಗುಣ ಹೆಚ್ಚು, ಅದಕ್ಕೇ ಆ ಬಾಗಿಲನ್ನು ತೆರೆದೇ ಇಟ್ಟರು. ತನಗೆ ಖಾತ್ರಿಯಿಲ್ಲ ಎಂದ ಡಾಕ್ಟರನ್ನು ಅವಳು ಪೂರ್ತಿ ನಂಬಿದಳು. ದಾರಿಯಲ್ಲಿ ಅಂದಳು, ‘ಈ ಡಾಕ್ಟ್ರು ಸುಳ್ಳ ಹೇಳಂಗಿಲ್ಲ ಬಿಡ್ರಿ.’

ಮೊದಲ ಭೇಟಿಯ ಮಿತಿ ಒಂದು ಸೋರಿಕೆಯಾದರೆ, ಎರಡನೆಯದು ಲ್ಯಾಬಿನದು. ನನ್ನ ಮಾವನವರ ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿತ್ತು. ರಿಪೋರ್ಟು ವಾಟ್ಸಾಪಿನಲ್ಲಿ ಬಂತು, ಮದುವೆ ಫೋಟೊಗಳ, ಶುಭೋದಯಗಳ ಕೆಳಗೆ ಹೂತುಹೋಯಿತು. ಬರೆಸಿದ ವೈದ್ಯರು ನಾವು ತೋರಿಸುತ್ತೇವೆಂದುಕೊಂಡರು, ಏನಾದರೂ ಇದ್ದರೆ ಲ್ಯಾಬಿನವರು ಫೋನ್ ಮಾಡುತ್ತಾರೆಂದು ನಾವು. ನಾಲ್ಕು ತಿಂಗಳ ಮೇಲೆ ಇನ್ನೊಬ್ಬರು ಕಬ್ಬಿಣದ ಗುಳಿಗೆ ಬರೆದರು. ಎಪ್ಪತ್ತು ವರ್ಷದ ಗಂಡಸಿನ ರಕ್ತ ಎಲ್ಲಿ ಹೋಗುತ್ತಿದೆ ಎಂದು ಕೇಳಿದ್ದು ಮೂರನೆಯವರು. ಅಷ್ಟರಲ್ಲಿ ದೊಡ್ಡ ಕರುಳಿನ ಗಂಟು ಗೋಡೆ ದಾಟಿತ್ತು. ಕಬ್ಬಿಣದ ಗುಳಿಗೆ ತಪ್ಪು ಔಷಧಿಯಲ್ಲ, ರಕ್ತ ಕಡಿಮೆ ಎಂಬುದು ತಪ್ಪು ನಿದಾನವೂ ಅಲ್ಲ. ಮಾವನವರು ಕಳೆದುಕೊಂಡ ಆ ನಾಲ್ಕು ತಿಂಗಳನ್ನು ಮಾತ್ರ ಯಾರ ಹೆಸರಿಗೂ ಬರೆಯಲಾಗದು. ಅಮೆರಿಕದ ವಿಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ರಾಷ್ಟ್ರೀಯ ಅಕಾಡೆಮಿಗಳು 2015ರಲ್ಲಿ ರೋಗನಿದಾನದ ದೋಷಕ್ಕೆ ಕೊಟ್ಟ ಅರ್ಥದಲ್ಲಿ ಸರಿಯಾದ ಉತ್ತರ ಸಮಯಕ್ಕೆ ಸಿಗದಿರುವುದೂ ಸೇರಿದೆ, ಸಿಕ್ಕ ಉತ್ತರ ರೋಗಿಗೆ ತಲುಪದಿರುವುದೂ ಸೇರಿದೆ. ನಮ್ಮ ಮನೆಯಲ್ಲಿ ಎರಡೂ ಆಗಿದ್ದವು. ಪರೀಕ್ಷೆಗೆ ಬರೆದವರ ಕಡೆ ಒಂದು ವಹಿ ಇರಬೇಕು: ಯಾರದು ಬರಬೇಕಿತ್ತು, ಯಾರದು ಬಂತು, ಯಾರಿಗೆ ತಿಳಿಸಿದ್ದಾಯಿತು. ಹಾಲಿನವನೂ ಇಡುತ್ತಾನೆ ಅಂಥ ವಹಿ.

ಇನ್ನು, ಜಿಬಿಎಸ್ ಹಾವಳಿ ಮೊದಲು ಕಂಡದ್ದು ಎಲ್ಲಿ ಎಂಬುದನ್ನೂ ಯೋಚಿಸಬೇಕು. ವರ್ಷಕ್ಕೆ ಕೆಲವೇ ಇಂಥವರನ್ನು ಕಾಣುವ ಆಸ್ಪತ್ರೆಗಳಲ್ಲಿ ಒಮ್ಮೆಲೇ ಹಾಸಿಗೆ ತುಂಬತೊಡಗಿದಾಗ ಅಲ್ಲಿನವರ ಹುಬ್ಬೇರಿತು. ಅವರಿಗೆ ಎಣಿಸಲು ಎದುರಿಗೇ ತಲೆಗಳಿದ್ದವು. ಗಲ್ಲಿಯ ದವಾಖಾನೆಗೆ ಆ ಅನುಕೂಲವಿಲ್ಲ. ಗುಣವಾದವನು ಮತ್ತೆ ಬರುವುದಿಲ್ಲ, ಗುಣವಾಗದವನು ಬೇರೆ ಡಾಕ್ಟರ ಬಳಿ ಹೋಗುತ್ತಾನೆ, ಸತ್ತವನ ಸುದ್ದಿಯೂ ಬರುವುದಿಲ್ಲ. ಮೂವರೂ ಒಂದೇ ಥರ ಕಾಣುತ್ತಾರೆ, ಅಂದರೆ ಕಾಣುವುದೇ ಇಲ್ಲ. ಮೂವತ್ತು ವರ್ಷದ ಅನುಭವ ಎನ್ನುತ್ತೇವೆ. ಬಾಣ ಎಲ್ಲಿ ನಾಟಿತೆಂದು ಯಾರೂ ಹೇಳದೆ ಮೂವತ್ತು ವರ್ಷ ಬಿಲ್ಲು ಎಳೆದರೆ ಗುರಿ ಹೇಗೆ ತಿದ್ದಿಕೊಳ್ಳುವುದು? ದೊಡ್ಡ ಆಸ್ಪತ್ರೆಗಳು ಬಿಡುಗಡೆಯ ಚೀಟಿಯ ಒಂದು ಪ್ರತಿಯನ್ನು ಮೊದಲು ನೋಡಿದ ವೈದ್ಯರಿಗೆ ಕಳಿಸುವ ಪದ್ಧತಿ ಮಾಡಿದರೆ ಖರ್ಚು ಒಂದು ಮೆಸೇಜಿನಷ್ಟು. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್ 17ರ ರೋಗಿ ಸುರಕ್ಷತಾ ದಿನವನ್ನು ರೋಗನಿದಾನಕ್ಕೇ ಮೀಸಲಿಟ್ಟಿತ್ತು, ಕಟ್ಟಡಗಳಿಗೆ ಕಿತ್ತಳೆ ದೀಪ ಹಾಕಿದರು. ಚಂದವೇ. ಆ ಮೆಸೇಜು ಹೋದರೆ ಇನ್ನೂ ಚಂದ.

ಮಂಗಳವಾರ ಬಂದ ರಿಪೋರ್ಟಿನಲ್ಲಿ ಅವಳ ಬಿ12, ಆ ಸೂಜಿಯ ಮೇಲೂ, ಕಡಿಮೆಯೇ ಇತ್ತು. ಮೊಟ್ಟೆ, ಮಾಂಸ ಮುಟ್ಟದ ಮನೆ, ಹಾಲು ಚಹಾದಲ್ಲಿ ಮಾತ್ರ. ಮೊದಲ ವಾರ ದಿನ ಬಿಟ್ಟು ದಿನ ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ತಿಂಗಳಿಗೊಂದು. ಮೇ ತಿಂಗಳಲ್ಲಿ ಒಂದು ದಿನ ಅವಳು ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಗೊತ್ತಾಗುತ್ತಿದೆ ಎಂದಳು. ಹೆಬ್ಬೆರಳು ಮಾತ್ರ ಇನ್ನೂ ಮಂದ. ನರ ಚಿಗುರುವುದು ಬಲು ಸಾವಕಾಶ.

ಗಲ್ಲಿಯ ಡಾಕ್ಟರಿಗೆ ಇದ್ಯಾವುದೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಅವಳು ಐದು ದಿನದ ಗುಳಿಗೆಗೆ ಗುಣವಾದವಳು. ಕೇಸ್ ಪೇಪರಿನ ಎರಡೂ ಬದಿ, ರಕ್ತದ ರಿಪೋರ್ಟು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ದೂರು ಕೊಡಲು ಬಂದಳೆಂದು ಅವರು ಎಣಿಸಬಾರದಲ್ಲ, ಹೇಗೆ ಮಾತು ಶುರು ಮಾಡಲಿ ಎಂದು ಎರಡು ಸಲ ಅರ್ಧ ದಾರಿಯಿಂದ ಹಿಂದೆ ಬಂದೆ. ಅವರ ದವಾಖಾನೆ ಸಂಜೆ ಆರಕ್ಕೆ ತೆರೆಯುತ್ತದೆ. ಮೊದಲ ಹತ್ತು ನಿಮಿಷ ಗರ್ದಿ ಇರುವುದಿಲ್ಲ ಎಂದು ಅವಳ ಮಗ ಹೇಳಿದ್ದಾನೆ.